ಗಾಲಿಯಿಲ್ಲದ ಕಾರನ್ನು ಟ್ರೇಲರಿಗೇರಿಸುವ ಬಗೆ

ಎಂಜಿನನ್ನು ಇಳಿಸಿ, ಗೇರುಪೆಟ್ಟಿಗೆಯನ್ನು ಕಳಚಿ, ಗಾಲಿಗಳನ್ನೂ ಅಚ್ಚುಗಳನ್ನೂ ಬಿಚ್ಚಿಟ್ಟ ಮೇಲೆ ಉಳಿಯುವ ಕಾರಿನ ಬರಿಯ ಒಡಲನ್ನು ಗ್ಯಾರೇಜಿನವರು ‘ಬಾಡಿ’ ಎಂದು ಕರೆಯುತ್ತಾರೆ. ನೋಟಕ್ಕೆ ಅದು ಕಾರೇ ಹೌದು. ಆದರೆ ಸುಲಭವಾಗಿ ಚಲಿಸುವ ಗುಣ ಅದರಲ್ಲಿ ಉಳಿದಿರುವುದಿಲ್ಲ. ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಅಳ್ನಾವರದಲ್ಲಿ ಹಳೆಯ ಅಂಬಾಸಿಡರ್ ಕಾರೊಂದರ ಒಡಲು ಹೀಗೆ ನೆಲ ಹಿಡಿದು ಕುಳಿತಿದೆ ಎಂದು ಭಾವಿಸೋಣ. ತಗಡಿನ ಕೆಲಸಕ್ಕಾಗಿ ಅದನ್ನು ಹುಬ್ಬಳ್ಳಿಗೆ ಒಯ್ಯಬೇಕಾಗಿದೆ. ಕ್ರೇನು ಇಲ್ಲ. ಇರುವುದು ಟ್ರ್ಯಾಕ್ಟರಿಗೆ ಕಟ್ಟುವ ಎರಡು ಗಾಲಿಯ ಟ್ರೇಲರು, ಗಟ್ಟಿಯಾದ ಹಲಗೆಗಳು, ಹಗ್ಗ, ಒಂದು ರಾಟೆ ಮತ್ತು ಐದಾರು ಮಂದಿ ಆಳುಗಳು. ಟ್ರೇಲರಿನ ತಳ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ. ಒಡಲನ್ನು ಅಲ್ಲಿಗೆ ಏರಿಸುವ ಬಗೆ ಹೇಗೆ?

ಒಡಲಿನ ರಾಶಿ 400 ಕಿಲೋಗ್ರಾಂ ಎಂದಿಟ್ಟುಕೊಂಡರೆ ಅದರ ತೂಕ ಸುಮಾರು 4000 ನ್ಯೂಟನ್ ಆಗುತ್ತದೆ. ಆರು ಮಂದಿ ಸುತ್ತ ನಿಂತು ಒಮ್ಮೆಗೇ ಎತ್ತಿದರೆ ತಲೆಗೆ 67 ಕಿಲೋಗ್ರಾಂ ಬೀಳುತ್ತದೆ. ಕೇಳಿದವರು, ‘ಇದೇನು ಮಹಾ, ಒಂದು ಜೋಳದ ಚೀಲ ಎತ್ತುವುದಿಲ್ಲವೆ?’ ಎಂದಾರು. ಆದರೆ ಚೀಲವನ್ನು ಬೆನ್ನಿಗೇರಿಸಿಕೊಳ್ಳಬಹುದು. ತಗಡಿನ ಅಂಚನ್ನು ಬೆರಳುಗಳಲ್ಲಿ ಹಿಡಿದು ಎದೆಯ ಎತ್ತರಕ್ಕೆ ಎತ್ತುವುದು ಬೇರೆಯ ಮಾತು. ಆರರಲ್ಲಿ ಒಬ್ಬನ ಕಾಲು ಜಾರಿದರೆ ಉಳಿದ ಐವರ ಮೇಲೆ ಭಾರ ಸಮನಾಗಿ ಹಂಚಿಹೋಗುವುದಿಲ್ಲ. ಪಕ್ಕದಲ್ಲಿರುವವನ ಮೇಲೆಯೇ ಬಹುಪಾಲು ಬೀಳುತ್ತದೆ. ಆದುದರಿಂದ ಈ ಉಪಾಯವನ್ನು ಇಲ್ಲಿಯೇ ಬಿಟ್ಟುಬಿಡೋಣ.

ಅಳ್ನಾವರದ ಹೆಸರನ್ನು ನಾವು ಸುಮ್ಮನೆ ಆರಿಸಿಕೊಂಡಿಲ್ಲ. ಹುಬ್ಬಳ್ಳಿ–ಲೋಂಡಾ ರೈಲುಮಾರ್ಗದಲ್ಲಿರುವ ಈ ಊರಿನಿಂದ ದಾಂಡೇಲಿಯ ಕಡೆಗೆ ಒಂದು ಕವಲು ಹೊರಡುತ್ತದೆ. ಹಳಿಯಾಳ, ದಾಂಡೇಲಿಯ ಕಾಡುಗಳ ಸಾಗವಾನಿ, ಮತ್ತಿ ಮೊದಲಾದ ಮರಗಳ ವ್ಯಾಪಾರಕ್ಕೆ ಈ ಊರು ಹಿಂದಿನಿಂದಲೂ ಹೆಸರಾದದ್ದು. ಗಾಲಿಯಿಲ್ಲದ ಭಾರವನ್ನು ಎತ್ತರಕ್ಕೇರಿಸುವ ವಿದ್ಯೆಯನ್ನು ದಿಮ್ಮಿ ಹೇರುವ ಆಳುಗಳಿಂದ ಕಲಿಯುವುದೇ ಮೇಲು.

ದಿಮ್ಮಿಯನ್ನು ಲಾರಿಗೆ ಹೇರುವ ಹಳೆಯ ಕ್ರಮ ಹೀಗಿದೆ. ಲಾರಿಯ ಪಕ್ಕಕ್ಕೆ ಎರಡು ದಪ್ಪ ಗಳಗಳನ್ನು ಓರೆಯಾಗಿ ಒರಗಿಸುತ್ತಾರೆ. ಎರಡು ಹಗ್ಗಗಳ ಒಂದೊಂದು ತುದಿಯನ್ನು ಲಾರಿಗೇ ಬಿಗಿದು, ಹಗ್ಗವನ್ನು ಕೆಳಗಿಳಿಸಿ, ದಿಮ್ಮಿಯ ಅಡಿಯಿಂದ ಸುತ್ತಿ, ಇನ್ನೊಂದು ತುದಿಯನ್ನು ಮತ್ತೆ ಮೇಲಕ್ಕೆ ತರುತ್ತಾರೆ. ಮೇಲಿನವರು ‘ಐಲೇಸಾ’ ಎಂದು ಎಳೆದಂತೆಲ್ಲ ದಿಮ್ಮಿ ಉರುಳುತ್ತ ಗಳಗಳ ಮೇಲೆ ಏರುತ್ತದೆ. ಇದರಲ್ಲಿ ಎರಡು ಯಂತ್ರಗಳು ಅಡಗಿವೆ. ಓರೆ ಗಳ ಒಂದು. ಪಾಠದ ಪುಸ್ತಕಗಳಲ್ಲಿ ಇದನ್ನು ಇಳಿಜಾರು ಸಮತಲವೆನ್ನುತ್ತಾರೆ. ಎರಡನೆಯದು ದಿಮ್ಮಿಯೇ. ಹಗ್ಗದ ಒಂದು ತುದಿ ಲಾರಿಗೆ ಕಟ್ಟಿದ್ದು, ಇನ್ನೊಂದು ತುದಿ ಆಳಿನ ಕೈಯಲ್ಲಿರುವುದರಿಂದ ದಿಮ್ಮಿ ಚಲಿಸುವ ರಾಟೆಯಂತೆ ವರ್ತಿಸುತ್ತದೆ. ಹಗ್ಗದ ಎರಡು ಎಳೆಗಳೂ ಭಾರವನ್ನು ಹಂಚಿಕೊಳ್ಳುತ್ತವೆ. ಆಳಿನ ಪಾಲಿಗೆ ಅರ್ಧ ಮಾತ್ರ ಬರುತ್ತದೆ. ದಿಮ್ಮಿ ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗವನ್ನು ಎಳೆಯಬೇಕಾಗುತ್ತದೆಂಬುದೇ ಇದಕ್ಕೆ ತೆರುವ ಬೆಲೆ. ಮೇಲಾಗಿ ದಿಮ್ಮಿ ಉರುಳುತ್ತದೆ, ಉಜ್ಜುವುದಿಲ್ಲ. ಎಂದರೆ ದಿಮ್ಮಿ ತಾನೇ ಭಾರ, ತಾನೇ ಗಾಲಿ, ತಾನೇ ರಾಟೆ.

ಕಾರಿನ ಒಡಲು ಇವುಗಳಲ್ಲಿ ಭಾರ ಮಾತ್ರ. ಉಳಿದ ಎರಡನ್ನೂ ನಾವು ಹೊರಗಿನಿಂದ ಒದಗಿಸಬೇಕು. ಇಲ್ಲಿಂದ ಮುಂದೆ ಸ್ವಲ್ಪ ಲೆಕ್ಕವಿಲ್ಲದೆ ಸಾಗುವಂತಿಲ್ಲ. ವಾಚಕರು ಪೆನ್ಸಿಲನ್ನು ಕೈಗೆತ್ತಿಕೊಳ್ಳಬೇಕು.

ನಾಲ್ಕು ಮೀಟರ್ ಉದ್ದದ ಎರಡು ಹಲಗೆಗಳನ್ನು ಟ್ರೇಲರಿನ ಹಿಂಬದಿಗೆ ಒರಗಿಸೋಣ. ಎತ್ತರ ಒಂದು ಮೀಟರ್. ಆದುದರಿಂದ ಇಳಿಜಾರಿನ ಕೋನದ ಸೈನ್ 0.25, ಕೋನ ಸುಮಾರು ಹದಿನಾಲ್ಕೂವರೆ ಡಿಗ್ರಿ. ತೂಕವನ್ನು ಎರಡಾಗಿ ಒಡೆದು ನೋಡಿದರೆ, ಹಲಗೆಯ ಉದ್ದಕ್ಕೆ ಕೆಳಮುಖವಾಗಿ ಎಳೆಯುವ ಭಾಗ 1000 ನ್ಯೂಟನ್. ಹಲಗೆಯನ್ನು ಲಂಬವಾಗಿ ಒತ್ತುವ ಭಾಗ 3870 ನ್ಯೂಟನ್. ಘರ್ಷಣೆ ಇಲ್ಲದ ಲೋಕದಲ್ಲಿ 1000 ನ್ಯೂಟನ್ ಬಲ ಸಾಕಾಗುತ್ತಿತ್ತು. ಒಬ್ಬ ಆಳು ಕಾಲೂರಿ ನಿಂತು ಒಂದೇ ಸಮನೆ 250 ನ್ಯೂಟನ್ ಎಳೆಯಬಲ್ಲನೆಂದರೆ ನಾಲ್ವರಿಗೆ ಆ ಕೆಲಸ ಮುಗಿಯುತ್ತಿತ್ತು. ಆದರೆ ನಮ್ಮದು ಅಂಥ ಲೋಕವಲ್ಲ.

ಒಡಲಿನ ತಗಡು ಹಲಗೆಗೆ ಉಜ್ಜದಂತೆ ಅದರ ಅಡಿಗೆ ಎರಡು ಉದ್ದನೆಯ ತೊಲೆಗಳನ್ನು ಬೋಲ್ಟಿನಿಂದ ಬಿಗಿಯಬೇಕು. ಅಂಬಾಸಿಡರ್ ಕಾರಿಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ತಗಡಿನ ಒಡಲೇ ಭಾರ ಹೊರುವ ಚೌಕಟ್ಟು. 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಾದ ಈ ಕಾರಿನ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರಚನೆಯೂ ಹೀಗೆಯೇ ಇತ್ತು. ಆದುದರಿಂದ ಸಿಕ್ಕ ಕಡೆ ತೊಲೆ ಕಟ್ಟಿ ಎಳೆದರೆ ತಗಡು ಮಡಿಚಿಕೊಳ್ಳುತ್ತದೆ. ಮೊದಲು ಗಾಲಿಗಳ ಭಾರ ಎಲ್ಲಿ ಬಂದು ಕೂರುತ್ತಿತ್ತೋ ಆ ಗಟ್ಟಿ ಜಾಗಗಳಲ್ಲಿಯೇ ತೊಲೆಯನ್ನೂ ಹಗ್ಗವನ್ನೂ ಬಿಗಿಯಬೇಕು. ಹಳೆಯ ಕಾರಿನಲ್ಲಿ ಅಂಥ ಜಾಗಕ್ಕೂ ತುಕ್ಕು ಹಿಡಿದಿರುವುದುಂಟು. ಸುತ್ತಿಗೆಯಿಂದ ತಟ್ಟಿ ನೋಡಿ ನಂಬಬೇಕು.

ಈಗ ಒಣ ಮರದ ಮೇಲೆ ಒಣ ಮರ ಜಾರಬೇಕು. ಒತ್ತುವ ಬಲದ ಎಷ್ಟನೆಯ ಪಾಲು ಘರ್ಷಣೆಯಾಗಿ ಎದುರು ನಿಲ್ಲುತ್ತದೆಯೋ ಅದೇ ಘರ್ಷಣಾಂಕ. ಒಣ ಮರಗಳಿಗೆ ಅದು ಸಾಮಾನ್ಯವಾಗಿ 0.25ರಿಂದ 0.5ರ ವರೆಗೆ ಇರುತ್ತದೆ. 0.4 ಎಂದಿಟ್ಟುಕೊಂಡರೆ ಘರ್ಷಣೆ 1550 ನ್ಯೂಟನ್ ಆಗುತ್ತದೆ. ಒಟ್ಟು ಎಳೆಯಬೇಕಾದ ಬಲ 2550 ನ್ಯೂಟನ್. ಹತ್ತು ಹನ್ನೊಂದು ಮಂದಿ ಬೇಕು. ಹಲಗೆ ಅಗಲವಾಗಿದ್ದರೆ ಉಜ್ಜಾಟ ಹೆಚ್ಚೆಂದು ಹಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಘರ್ಷಣೆ ಒತ್ತುವ ಬಲವನ್ನು ಅವಲಂಬಿಸಿದೆಯೇ ಹೊರತು ತಾಗುವ ಮೇಲ್ಮೈಯ ವಿಸ್ತಾರವನ್ನಲ್ಲ ಎಂಬುದನ್ನು ಫ್ರಾನ್ಸಿನ ಅಮೊಂಟಾನ್ 1699ರಲ್ಲಿಯೇ ತಿಳಿಸಿದನು; ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕೂಲಾಂ ಅದನ್ನು ವಿಸ್ತಾರವಾದ ಪ್ರಯೋಗಗಳಿಂದ ದೃಢಪಡಿಸಿದನು. ಇದು ನಿಸರ್ಗದ ಮೂಲ ನಿಯಮವಲ್ಲ, ಒಳ್ಳೆಯ ಅಂದಾಜು. ಆದರೂ ನಮ್ಮ ಹಲಗೆಗೆ ಅದು ಧಾರಾಳವಾಗಿ ಸಾಕು.

ಘರ್ಷಣೆ ಶತ್ರುವೆಂದು ತೋರಿದೊಡನೆ ಅದನ್ನು ಕೊಲ್ಲುವ ಉಪಾಯಗಳು ಹೊಳೆಯುತ್ತವೆ. ಇವು ಬಹಳ ಹಳೆಯವು. ಸುಮಾರು ಕ್ರಿಸ್ತಪೂರ್ವ 1900ರ ಕಾಲದ ಈಜಿಪ್ಟಿನ ಒಂದು ಸಮಾಧಿಯ ಚಿತ್ರದಲ್ಲಿ ಜೆಹುತಿಹೊತೆಪ್ ಎಂಬ ಅಧಿಕಾರಿಯ ಬೃಹತ್ ಪ್ರತಿಮೆಯನ್ನು ಜಾರುಬಂಡಿಯ ಮೇಲಿಟ್ಟು ಸಾಲುಸಾಲಾಗಿ ಜನರು ಎಳೆಯುತ್ತಿದ್ದಾರೆ. ಒಬ್ಬನು ಬಂಡಿಯ ಮುಂದೆ ನೀರು ಸುರಿಯುತ್ತಿದ್ದಾನೆ. ಮರಳು ಹದವಾಗಿ ತೇವಗೊಂಡರೆ ಎಳೆಯುವ ಬಲ ಸುಮಾರು ಅರ್ಧಕ್ಕಿಳಿಯುವುದೆಂದು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಯೋಗದಿಂದ ತೋರಿಸಿದರು. ನಮ್ಮ ಹಲಗೆಗೆ ಗ್ರೀಸು ಬಳಿಯಬಹುದು. ಇಲ್ಲವೆ ಕೆಳಗೆ ನೀಲಗಿರಿಯ ದುಂಡು ಗಳಗಳನ್ನೋ ಕಬ್ಬಿಣದ ಕೊಳವೆಗಳನ್ನೋ ಉರುಳೆಗಳಾಗಿ ಇಡಬಹುದು.

ಉರುಳೆಯ ಪವಾಡವನ್ನು ಅಂಕಿಗಳಲ್ಲಿ ಕಾಣಬೇಕು. ಗಟ್ಟಿಯಾದ ಹಲಗೆಯ ಮೇಲೆ ಉರುಳುವಿಕೆಯ ತಡೆಯನ್ನು ಒತ್ತುವ ಬಲದ 0.04ರಷ್ಟೆಂದು ಹಿಡಿದರೆ ಅದು ಬರಿಯ 155 ನ್ಯೂಟನ್. ಒಟ್ಟು ಬಲ 1155 ನ್ಯೂಟನ್, ಐವರು ಸಾಕು. ಒಡಲು ಮೇಲೇರುವಾಗ ನಿಜವಾಗಿ ಸಂಗ್ರಹವಾಗುವ ಪ್ರಚ್ಛನ್ನ ಶಕ್ತಿ 4000 ಜೂಲ್. ಜಾರಿಸಿ ಏರಿಸಿದರೆ 10,200 ಜೂಲ್ ಕೆಲಸ ಮಾಡಬೇಕು. ದಕ್ಷತೆ ನೂರಕ್ಕೆ 39. ಉರುಳಿಸಿ ಏರಿಸಿದರೆ 4620 ಜೂಲ್. ದಕ್ಷತೆ ನೂರಕ್ಕೆ 87ರ ಹತ್ತಿರ. ಪರೀಕ್ಷೆಯ ಉತ್ತರಪತ್ರಿಕೆಯಾಗಿದ್ದರೆ ‘ಉರುಳೆಯೇ ಲೇಸು’ ಎಂದು ಬರೆದು ಕೆಳಗೆ ಗೆರೆ ಎಳೆಯಬಹುದಿತ್ತು.

ಆದರೆ ನಡುದಾರಿಯಲ್ಲಿ ಹಗ್ಗ ಹರಿದರೆ? ಗಂಟು ಬಿಚ್ಚಿದರೆ? ಎಳೆಯುವವರಲ್ಲಿ ಇಬ್ಬರು ಬೆವರು ಒರೆಸಿಕೊಳ್ಳಲು ಕೈಬಿಟ್ಟರೆ?

ಜಾರುವ ತೊಲೆಗಳ ಮೇಲಿದ್ದಾಗ ಕೆಳಗೆಳೆಯುವ ಬಲ 1000 ನ್ಯೂಟನ್, ಘರ್ಷಣೆ ಒದಗಿಸಬಲ್ಲ ತಡೆ 1550 ನ್ಯೂಟನ್. ಒಡಲು ಇದ್ದಲ್ಲಿಯೇ ನಿಲ್ಲುತ್ತದೆ. ಎಳೆಯುವಾಗ ಕಾಡಿದ ಘರ್ಷಣೆಯೇ ಈಗ ದಿಕ್ಕು ಬದಲಿಸಿ ಕಾವಲಿಗೆ ನಿಂತಿದೆ. ಉರುಳೆಗಳ ಮೇಲಿದ್ದಾಗ ತಡೆ 155 ಮಾತ್ರ. ಉಳಿದ 845 ನ್ಯೂಟನ್ ಬಲ 400 ಕಿಲೋಗ್ರಾಂ ರಾಶಿಗೆ ಸೆಕೆಂಡಿಗೆ ಸೆಕೆಂಡಿಗೆ 2.1 ಮೀಟರಿನಷ್ಟು ವೇಗೋತ್ಕರ್ಷ ಕೊಡುತ್ತದೆ. ಹಲಗೆಯ ಮೇಲ್ತುದಿಯಿಂದ ಬಿಟ್ಟ ಒಡಲು ಎರಡು ಸೆಕೆಂಡಿನೊಳಗೆ ಕೆಳಗಿರುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್, ಚಲನಶಕ್ತಿ ಸುಮಾರು 3400 ಜೂಲ್. ಹಿಂದೆ ನಿಂತು ನೂಕುತ್ತಿದ್ದವನಿಗೆ ಪಕ್ಕಕ್ಕೆ ಹಾರಲು ಇರುವ ಸಮಯವೆಲ್ಲ ಅಷ್ಟೇ. ಅವನಿಗೆ ಅಪಾಯ ತಿಳಿಯುವುದರಲ್ಲಿಯೇ ಅದರ ಅರ್ಧ ಕಳೆದಿರುತ್ತದೆ.

ಎಂದರೆ ದಕ್ಷತೆಯನ್ನು ಹೆಚ್ಚಿಸುವುದಕ್ಕಾಗಿ ನಾವು ಕಾವಲುಗಾರನನ್ನೇ ಕೆಲಸದಿಂದ ತೆಗೆದುಹಾಕಿದೆವು. ಯಾವ ಯಂತ್ರದ ದಕ್ಷತೆ ನೂರಕ್ಕೆ ಐವತ್ತಕ್ಕಿಂತ ಕಡಮೆಯೋ ಅದು ಸಾಮಾನ್ಯವಾಗಿ ತಾನಾಗಿಯೇ ಹಿಂದಕ್ಕೆ ಓಡುವುದಿಲ್ಲ ಎಂಬ ಮಾತನ್ನು ವಿದ್ಯಾರ್ಥಿಗಳು ಸ್ಕ್ರೂಜಾಕಿನ ಪಾಠದಲ್ಲಿ ಓದಿರುತ್ತಾರೆ. ಕಾರನ್ನು ಎತ್ತಿಹಿಡಿದ ಸ್ಕ್ರೂಜಾಕು ಕೈಬಿಟ್ಟರೂ ಕೆಳಗಿಳಿಯದಿರುವುದು ಈ ಕಾರಣದಿಂದಲೇ. ನಮ್ಮ ಹಲಗೆಯದೂ ಅದೇ ಕಥೆ.

ಎಲ್ಲಿಯವರೆಗೆ ಕಾವಲು ಇದೆ ಎಂಬುದನ್ನು ನಿರ್ಧರಿಸುವ ಸೂತ್ರ ಬಹಳ ಸರಳ: ಘರ್ಷಣಾಂಕ ಇಳಿಜಾರಿನ ಕೋನದ ಟ್ಯಾನ್‌ಗಿಂತ ಹೆಚ್ಚಿರಬೇಕು. ನಮ್ಮ ಹಲಗೆಗೆ ಆ ಟ್ಯಾನ್ 0.26. ಇಲ್ಲಿ ಎಚ್ಚರ ಬೇಕು. ಒಣ ಮರದ ಘರ್ಷಣಾಂಕ 0.25ರಿಂದ ಆರಂಭವಾಗುತ್ತದೆಂದು ಹೇಳಿದೆವಲ್ಲವೆ? ನಯವಾಗಿ ತೋಪಡಾ ಹಿಡಿದ ಹಲಗೆಯಾದರೆ ಕಾವಲು ಇರಲೂಬಹುದು, ಇಲ್ಲದಿರಲೂಬಹುದು. ಹಲಗೆ ನೆನೆದರೆ ಅಂಕ ಇನ್ನೂ ಇಳಿಯಬಹುದು. ಅಳ್ನಾವರ ಮಲೆನಾಡಿನ ಸೆರಗಿನ ಊರು, ಅಲ್ಲಿ ಜಿಟಿಜಿಟಿ ಮಳೆಗೆ ಕೊರತೆಯಿಲ್ಲ. ಗ್ರೀಸು ಬಳಿದರಂತೂ ಲೆಕ್ಕವೇ ತಲೆಕೆಳಗು. ಪುಸ್ತಕದ ಅಂಕಿಯನ್ನು ನಂಬುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಅದೇ ಹಲಗೆಯ ಮೇಲೆ ಅದೇ ತೊಲೆಯ ತುಂಡೊಂದನ್ನಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಿ. ತುಂಡು ಜಾರಲು ತೊಡಗಿದ ಕ್ಷಣದಲ್ಲಿ ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ತುಂಡು ಸಣ್ಣದಾದರೇನು, ತೂಕ ಎರಡೂ ಕಡೆ ಹೊಡೆದುಹೋಗುವುದರಿಂದ ಉತ್ತರ ಬದಲಾಗುವುದಿಲ್ಲ. ಪ್ರಯೋಗಾಲಯದಲ್ಲಿ ಬೇಸರದಿಂದ ಮಾಡುವ ಈ ಪ್ರಯೋಗ ಒಬ್ಬನ ಕಾಲನ್ನು ಉಳಿಸಬಲ್ಲದು.

ಹಲಗೆಯನ್ನು ಉದ್ದ ಮಾಡಿದರೆ ಏನಾದೀತು? ಆರು ಮೀಟರ್ ಹಲಗೆಗೆ ಎಳೆತ 2550ರಿಂದ ಸುಮಾರು 2250 ನ್ಯೂಟನ್‌ಗೆ ಇಳಿಯುತ್ತದೆ. ಉಳಿತಾಯ ಅಲ್ಪ, ಏಕೆಂದರೆ ಬಲದ ದೊಡ್ಡ ಪಾಲು ಘರ್ಷಣೆಗೆ ಹೋಗುತ್ತಿದ್ದು, ಅದು ಹಾಗೆಯೇ ಉಳಿಯುತ್ತದೆ. ಆದರೆ ಟ್ಯಾನ್ 0.26ರಿಂದ 0.17ಕ್ಕೆ ಇಳಿಯುತ್ತದೆ. ಕಾವಲು ಬಲವಾಯಿತು. ಉದ್ದ ಹಲಗೆಯ ನಿಜವಾದ ಲಾಭ ಇದು. ಹಲಗೆ ಉದ್ದವಾದಷ್ಟೂ ನಡುವೆ ಬಾಗುತ್ತದೆ. ನಡುವಿಗೆ ಆಸರೆ ಕೊಡುವುದನ್ನು ಮರೆಯಬಾರದು.

ಈಗ ಹತ್ತು ಹನ್ನೊಂದು ಮಂದಿಯನ್ನು ಎಲ್ಲಿಂದ ತರುವುದು? ಇಲ್ಲಿ ದಿಮ್ಮಿಯ ಹಗ್ಗದ ನೆನಪು ಬರಬೇಕು. ಒಡಲಿಗೆ ಒಂದು ರಾಟೆಯನ್ನು ಕಟ್ಟಿ, ಹಗ್ಗದ ತುದಿಯನ್ನು ಟ್ರೇಲರಿನ ಮುಂಭಾಗಕ್ಕೆ ಬಿಗಿದು, ರಾಟೆಯನ್ನು ಸುತ್ತಿಸಿ ಮತ್ತೆ ಮುಂದಕ್ಕೆ ತಂದರೆ 2550 ನ್ಯೂಟನ್ ಅರ್ಧವಾಗಿ 1275 ಆಗುತ್ತದೆ. ರಾಟೆಯ ಸ್ವಂತ ಘರ್ಷಣೆಯನ್ನು ಸೇರಿಸಿದರೂ ಆರು ಮಂದಿ ಸಾಕು. ಗಮನಿಸಿ: ರಾಟೆಯಿಲ್ಲದೆ ಉರುಳೆಗಳ ಮೇಲೆ ಎಳೆಯಲು ಬೇಕಾದದ್ದೂ ಹೆಚ್ಚುಕಡಮೆ ಇಷ್ಟೇ ಜನ. ಎಂಟು ಮೀಟರ್ ಹಗ್ಗ ಎಳೆಯಬೇಕು, ಬೆವರು ಎರಡರಷ್ಟು ಹರಿಯುತ್ತದೆ. ಆದರೆ ಯಾವ ಕ್ಷಣದಲ್ಲಿಯೂ ಹಗ್ಗ ಬಿಟ್ಟು ನಿಲ್ಲಬಹುದು. ಇಳಿಜಾರಿನ ಮೇಲೆ ಜಾರುವ ತೊಲೆ ಮತ್ತು ರಾಟೆ, ಸಮನೆಲದ ಮೇಲೆ ಉರುಳೆ: ಇದು ನಮ್ಮ ಶಿಫಾರಸು.

ಗ್ಯಾರೇಜುಗಳಲ್ಲಿರುವ ಚೈನ್ ಪುಲ್ಲಿ ಸಿಕ್ಕರೆ ಮಾತು ಬೇರೆ. ಭಾರದ ಎಳೆತದಿಂದಲೇ ಬಿಗಿಯಾಗುವ ತಡೆ ಅದರೊಳಗಿರುವುದರಿಂದ, ಸರಪಣಿಯನ್ನು ಕೈಬಿಟ್ಟರೂ ಭಾರ ಹಿಂದೆ ಬರುವುದಿಲ್ಲ. ಹಲಗೆಯಿಂದ ತೆಗೆದ ಕಾವಲುಗಾರನನ್ನು ಅದು ಪೆಟ್ಟಿಗೆಯೊಳಗೆ ಕೂರಿಸಿಕೊಂಡಿರುತ್ತದೆ. ಆದರೆ ಅದನ್ನು ಒಡಲಿಗೆ ಕೂಡಿಸುವ ಹಗ್ಗ ಹರಿದರೆ ಅದೂ ನಿರುಪಾಯ. ಇನ್ನು ಮತ್ತೊಂದು ಟ್ರ್ಯಾಕ್ಟರಿನಿಂದ ಹಗ್ಗವನ್ನು ಎಳೆಸುವವರೂ ಉಂಟು. ನಮಗೆ ಅದು ಒಪ್ಪಿಗೆಯಿಲ್ಲ. ಒಡಲು ಎಲ್ಲಿಯಾದರೂ ಸಿಕ್ಕಿಕೊಂಡರೆ ಮನುಷ್ಯನ ಕೈಗೆ ತಿಳಿಯುತ್ತದೆ, ಎಂಜಿನಿಗೆ ತಿಳಿಯುವುದಿಲ್ಲ. ಅದು ಹಗ್ಗ ಹರಿಯುವ ತನಕ ಎಳೆಯುತ್ತದೆ. ನೈಲಾನ್ ಹಗ್ಗ ಹಿಗ್ಗುವುದರಿಂದ ಅದರಲ್ಲಿ ಶಕ್ತಿ ಶೇಖರವಾಗುತ್ತದೆ. 2550 ನ್ಯೂಟನ್ ಬಲದಲ್ಲಿ ಅರ್ಧ ಮೀಟರ್ ಹಿಗ್ಗಿದ್ದರೆ ಸುಮಾರು 640 ಜೂಲ್. ಹರಿದ ತುದಿ ಅಷ್ಟನ್ನೂ ಹೊತ್ತು ಚಾಟಿಯಂತೆ ಬೀಸುತ್ತದೆ. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಸಮನೆಲದ ಉರುಳೆಗಳ ವಿಷಯವಾಗಿ ಎರಡು ಮಾತು. ಒಡಲು ಎರಡು ಮೀಟರ್ ಮುಂದೆ ಹೋದಾಗ ಉರುಳೆ ಹೋಗುವುದು ಒಂದೇ ಮೀಟರ್. ಉರುಳೆಯ ನೆಲ ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಶ್ಚಲವಾಗಿದ್ದು, ನೆತ್ತಿಯ ಬಿಂದು ನಡುವಿನ ಎರಡರಷ್ಟು ವೇಗದಲ್ಲಿ ಚಲಿಸುವುದೇ ಇದಕ್ಕೆ ಕಾರಣ. ಹೀಗೆ ಹಿಂದುಳಿದ ಉರುಳೆಗಳನ್ನು ಎತ್ತಿ ಮುಂದೆ ಇಡುತ್ತಿರಬೇಕು, ಅದೂ ತುದಿಗಳಲ್ಲಿ ಹಿಡಿದು. ನಡುವೆ ಹಿಡಿದ ಬೆರಳು ಒಡಲಿನಡಿಗೆ ಹೋಗುತ್ತದೆ. ಮೆತ್ತನೆಯ ನೆಲದಲ್ಲಿ ಉರುಳೆ ಹೂತು, ತನ್ನೆದುರಿಗೆ ತಾನೇ ಒಂದು ದಿಬ್ಬವನ್ನು ಮಾಡಿಕೊಂಡು ಸದಾ ಅದನ್ನು ಹತ್ತುತ್ತಿರುತ್ತದೆ. ಅಳ್ನಾವರದ ಕೆಂಪು ನೆಲದಲ್ಲಿ ಇದು ಸಹ್ಯ. ನವಲಗುಂದದ ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ ಯಾವ ಉರುಳೆಯೂ ಕದಲದು. ಕೆಳಗೆ ಅಗಲವಾದ ಹಲಗೆ ಹಾಸಿ ಭಾರವನ್ನು ಹಂಚಬೇಕು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯ ಮೂರ್ತಿಯನ್ನು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿಸಿದಾಗ ಅಷ್ಟೊಂದು ಗಾಲಿಗಳ ಟ್ರೇಲರು ಬೇಕಾದದ್ದೂ ಭಾರವನ್ನು ರಸ್ತೆಯ ಮೇಲೆ ಹೀಗೆ ಹಂಚುವುದಕ್ಕಾಗಿಯೇ.

ಒಡಲು ಹಲಗೆಯ ಮೇಲ್ತುದಿಯನ್ನು ಮುಟ್ಟಿದಾಗ ಎಲ್ಲರೂ ಗೆದ್ದೆವೆಂದು ಉಸಿರು ಬಿಡುತ್ತಾರೆ. ನಮ್ಮ ಎಣಿಕೆಯಲ್ಲಿ ಕೆಲಸದ ಅತ್ಯಂತ ಅಪಾಯದ ಘಟ್ಟ ಅದೇ. ಒಡಲಿನ ಮೂಗು ಗಾಳಿಯಲ್ಲಿ ಟ್ರೇಲರಿನ ಮೇಲೆ ಚಾಚಿರುತ್ತದೆ. ಗುರುತ್ವಕೇಂದ್ರ ಟ್ರೇಲರಿನ ಅಂಚನ್ನು ದಾಟಿದ ಕ್ಷಣ ಒಡಲು ತಕ್ಕಡಿಯಂತೆ ತೂಗಿ ಮುಂದಕ್ಕೆ ಧಡಾರನೆ ಬೀಳುತ್ತದೆ. ಆ ಕ್ಷಣ ಯಾವಾಗ ಬರುತ್ತದೆಂದು ಇಡೀ ಕಾರಿನ ಅನುಭವದಿಂದ ಊಹಿಸುವಂತಿಲ್ಲ. ಮುಂದಿದ್ದ ಎಂಜಿನು ಹೋಗಿರುವುದರಿಂದ ಗುರುತ್ವಕೇಂದ್ರ ಹಿಂದಕ್ಕೆ ಸರಿದಿರುತ್ತದೆ. ಆದುದರಿಂದ ನಿರೀಕ್ಷೆಗಿಂತ ತಡವಾಗಿ, ಎಲ್ಲರೂ ಮೈಮರೆತಾಗ, ಅದು ತಲೆದೂಗುತ್ತದೆ. ಮೂಗಿನಡಿಗೆ ಮರದ ತುಂಡುಗಳನ್ನು ಜೋಡಿಸಿಟ್ಟಿದ್ದರೆ ಬೀಳುವ ಎತ್ತರ ಕಡಮೆಯಾಗುತ್ತದೆ.

ಅದೇ ಕ್ಷಣದಲ್ಲಿ ಟ್ರೇಲರಿಗೂ ಪರೀಕ್ಷೆ. ಎತ್ತು ಬಿಚ್ಚಿದ ಚಕ್ಕಡಿಯ ಹಿಂಬದಿಗೆ ಚೀಲ ಹೇರಿದರೆ ನೊಗ ಆಕಾಶಕ್ಕೇಳುವುದನ್ನು ಹಳ್ಳಿಯ ಹುಡುಗರೆಲ್ಲ ಬಲ್ಲರು. ಟ್ರೇಲರಿನ ಸ್ವಂತ ರಾಶಿ 600 ಕಿಲೋಗ್ರಾಂ ಎಂದೂ ಅದರ ಗುರುತ್ವಕೇಂದ್ರ ಅಚ್ಚಿನಿಂದ 0.3 ಮೀಟರ್ ಮುಂದಿದೆಯೆಂದೂ ಇಟ್ಟುಕೊಂಡರೆ, ಮುಂದಕ್ಕೆ ಬಾಗಿಸುವ ಭ್ರಾಮಕಕ್ಕೆ ಗುಣಲಬ್ಧ 180. ಅಚ್ಚಿನಿಂದ ಒಂದೂವರೆ ಮೀಟರ್ ಹಿಂದಿರುವ ಅಂಚಿನ ಮೇಲೆ 400 ಕಿಲೋಗ್ರಾಂ ಬಂದರೆ ಹಿಂದಕ್ಕೆ ಬಾಗಿಸುವುದು 600. ಟ್ರ್ಯಾಕ್ಟರಿನ ಕೊಂಡಿ ಬಿಗಿದಿಲ್ಲದಿದ್ದರೆ ಟ್ರೇಲರಿನ ಮೂತಿ ಮೇಲೇಳುತ್ತದೆ, ಹಿಂಬದಿ ಕುಸಿಯುತ್ತದೆ, ಒಡಲು ಬಂದ ದಾರಿಯಲ್ಲಿ ಹಿಂದಿರುಗುತ್ತದೆ. ಕೊಂಡಿಯನ್ನು ಬಿಗಿದು, ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಬದಿಯ ಅಂಚಿನಡಿಗೆ ಗಟ್ಟಿಯಾದ ಊರೆ ನಿಲ್ಲಿಸಿದ ಮೇಲೆಯೇ ಹಗ್ಗಕ್ಕೆ ಕೈ ಹಾಕಬೇಕು.

ಇಷ್ಟೆಲ್ಲ ರಗಳೆ ಬರುವುದು ಒಂದು ಮೀಟರ್ ಎತ್ತರದಿಂದ. ಆ ಎತ್ತರವನ್ನೇ ಇಲ್ಲದಂತೆ ಮಾಡುವ ಜಾಣರೂ ಇದ್ದಾರೆ: ಟ್ರೇಲರನ್ನು ತಗ್ಗಿಗಿಳಿಸಿ ಅದರ ತಳ ದಿಣ್ಣೆಯ ಮಟ್ಟಕ್ಕೆ ಬರುವಂತೆ ನಿಲ್ಲಿಸಿದರೆ ಒಡಲನ್ನು ಉರುಳೆಗಳ ಮೇಲೆ ನೇರವಾಗಿ ಒಳಕ್ಕೆ ತಳ್ಳಬಹುದು. ರೈಲುನಿಲ್ದಾಣಗಳ ಸರಕಿನ ಕಟ್ಟೆಯನ್ನು ವ್ಯಾಗನ್ನಿನ ತಳದ ಎತ್ತರಕ್ಕೆ ಕಟ್ಟುವುದರ ಗುಟ್ಟೂ ಇದೇ. ಅಂಥ ಜಾಗ ಹತ್ತಿರದಲ್ಲಿದ್ದರೆ ನಮ್ಮ ಮೇಲಿನ ಲೆಕ್ಕಗಳನ್ನೆಲ್ಲ ಬದಿಗಿಟ್ಟು ಅಲ್ಲಿಗೇ ಹೋಗಬಹುದು.

ಒಡಲು ಮೇಲೇರಿದ ಮೇಲೆ ಅದರ ಗುರುತ್ವಕೇಂದ್ರ ಅಚ್ಚಿಗಿಂತ ಸ್ವಲ್ಪ ಮುಂದೆ ಬರುವಂತೆ ಕೂರಿಸಬೇಕು. ದಾರಿಯಲ್ಲಿ ಘರ್ಷಣೆಯೊಂದನ್ನೇ ನಂಬುವಂತಿಲ್ಲ. ಟ್ರ್ಯಾಕ್ಟರು ಗುರುತ್ವವೇಗೋತ್ಕರ್ಷದ ಅರ್ಧದಷ್ಟು ತೀವ್ರವಾಗಿ ಬ್ರೇಕು ಹಾಕಿದರೆ ಒಡಲನ್ನು ಹಿಡಿದು ನಿಲ್ಲಿಸಲು 2000 ನ್ಯೂಟನ್ ಬೇಕು. ಘರ್ಷಣೆ ಕೊಡಬಲ್ಲದ್ದು 1600. ಗುಂಡಿಯೊಂದರ ಮೇಲೆ ಟ್ರೇಲರು ಕುಪ್ಪಳಿಸಿದಾಗ ಒತ್ತುವ ಬಲವೇ ಕ್ಷಣಕಾಲ ಇಲ್ಲವಾಗಿ ಘರ್ಷಣೆಯೂ ಮಾಯವಾಗುತ್ತದೆ. ಮುಂದೆ ಅಡ್ಡತೊಲೆಯೊಂದನ್ನು ಬಿಗಿದು, ನಾಲ್ಕು ಮೂಲೆಗಳಿಂದ ಹಗ್ಗ ಕೆಳಮುಖವಾಗಿ ಕಟ್ಟಬೇಕು. ಕೆಳಮುಖವಾದ ಹಗ್ಗ ಎಳೆದು ಹಿಡಿಯುವುದಲ್ಲದೆ ಒಡಲನ್ನು ತಳಕ್ಕೆ ಒತ್ತಿ ಘರ್ಷಣೆಯನ್ನೂ ಹೆಚ್ಚಿಸುತ್ತದೆ. ಹೊರಟು ಎರಡು ಮೂರು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ನೋಡಿ; ಅಷ್ಟರಲ್ಲಿ ಹಗ್ಗಗಳು ಸಡಿಲಗೊಂಡಿರುತ್ತವೆ, ಮತ್ತೆ ಬಿಗಿಯಬೇಕಾಗುತ್ತದೆ.